ಫಿಲ್ಟರ್ ತೊಳೆದ ನೀರನ್ನು ಚೆಲ್ಲುವ ಮುನ್ನ

ಮಾನ್ಯ ಸಂಪಾದಕರಿಗೆ, ವಂದನೆಗಳು.

ಮನೆಯಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಮುಂತಾದ ಮೀನುಗಳನ್ನು ಸಾಕುವವರು ಸೇರಿದಲ್ಲೆಲ್ಲ ಒಂದು ಸಂಗತಿ ಕೇಳಿಬರುತ್ತದೆ. ಬಹಳ ದಿನ ಮುಟ್ಟದೆ ಬಿಟ್ಟಿದ್ದ ಫಿಲ್ಟರನ್ನು ತೊಳೆಯಲೆಂದು ಬಿಚ್ಚಿದಾಗ ಒಳಗಿನ ಕೊಳೆಯ ನಡುವೆ ಮರಿ ಮೀನುಗಳು ಆರೋಗ್ಯವಾಗಿ ಈಜಾಡಿಕೊಂಡಿದ್ದವು ಎಂಬುದೇ ಅದು. ಕೆಲವರು ಇದನ್ನು ಪವಾಡವೆಂಬಂತೆ ಹೇಳುತ್ತಾರೆ. ಇನ್ನು ಕೆಲವರು, ಮರಿಗಳಿಗೆ ಫಿಲ್ಟರಿಗಿಂತ ಸುರಕ್ಷಿತ ಜಾಗವಿಲ್ಲ, ಅವನ್ನು ಅಲ್ಲಿಯೇ ಬೆಳೆಯಲು ಬಿಡಿ ಎಂದು ಹೊಸದಾಗಿ ಮೀನು ಸಾಕುವವರಿಗೆ ಸಲಹೆಯನ್ನೂ ಕೊಡುತ್ತಾರೆ. ಈ ಸಲಹೆ ತಪ್ಪೆಂದು ಹೇಳುವುದಕ್ಕಾಗಿಯೇ ಈ ಪತ್ರ.

ಮರಿಗಳು ಅಲ್ಲಿ ಬದುಕುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಗಪ್ಪಿ ಮೊಟ್ಟೆಯಿಡುವ ಮೀನಲ್ಲ, ಮರಿ ಹಾಕುವ ಮೀನು. ಹುಟ್ಟಿದ ಮರಿ ಆರೇಳು ಮಿಲಿಮೀಟರ್ ಉದ್ದವಿದ್ದು, ಆ ಕ್ಷಣದಿಂದಲೇ ಈಜಬಲ್ಲದು, ತಿನ್ನಬಲ್ಲದು. ಆದರೆ ತೊಟ್ಟಿಯಲ್ಲಿ ಅದಕ್ಕೆ ಇರುವ ದೊಡ್ಡ ಶತ್ರು ಹೆತ್ತ ತಾಯಿಯೇ, ಅವಳ ಜೊತೆಗೆ ಉಳಿದ ದೊಡ್ಡ ಮೀನುಗಳು. ನೀರಿನ ಸೆಳೆತಕ್ಕೆ ಸಿಕ್ಕಿ ಫಿಲ್ಟರಿನ ಸೀಳುಗಳ ಮೂಲಕ ಒಳಗೆ ಹೋದ ಮರಿಗೆ ಆ ಬಾಯಿಗಳಿಂದ ಬಿಡುಗಡೆ ಸಿಗುತ್ತದೆ. ಒಳಗೆ ಸದಾ ಹರಿಯುವ ನೀರಿನಲ್ಲಿ ಆಮ್ಲಜನಕವಿರುತ್ತದೆ. ಸ್ಪಂಜಿನ ಮೇಲೆ ಕೂತ ಆಹಾರದ ಚೂರುಗಳೂ ಅಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳೂ ಹೊಟ್ಟೆ ತುಂಬಿಸುತ್ತವೆ.

ಆದರೆ ಯಾವ ಬಗೆಯ ಫಿಲ್ಟರ್ ಎಂಬುದರ ಮೇಲೆ ಮರಿಯ ಹಣೆಬರಹ ನಿಂತಿರುತ್ತದೆ, ಸಲಹೆ ಕೊಡುವವರು ಗಮನಿಸದೆ ಬಿಡುವುದು ಇದನ್ನೇ. ನಮ್ಮಲ್ಲಿ ಹೆಚ್ಚಾಗಿ ಬಳಸುವ, ತೊಟ್ಟಿಯೊಳಗೇ ಅಂಟಿಸುವ ಫಿಲ್ಟರಿನಲ್ಲಿ ನೀರು ಮೊದಲು ಸ್ಪಂಜನ್ನು ಹಾದು ಆಮೇಲೆ ಮೋಟಾರಿನ ರೆಕ್ಕೆಯನ್ನು ತಲುಪುವುದರಿಂದ ಮರಿ ಸ್ಪಂಜಿನ ಈಚೆಗೇ ಉಳಿದುಕೊಳ್ಳುತ್ತದೆ. ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು: ನೀರೆಳೆಯುವ ಕೊಳವೆಯ ತುದಿಯಲ್ಲಿ ಮೊದಲು ಎದುರಾಗುವುದು ಗಿರಗಿರನೆ ತಿರುಗುವ ರೆಕ್ಕೆ, ಅದನ್ನು ದಾಟಿದರೆ ಮಾತ್ರ ಸ್ಪಂಜಿನ ಕೋಣೆ. ದಾಟಿ ಬಂದ ಮರಿ ನಮ್ಮ ಕಣ್ಣಿಗೆ ಬೀಳುತ್ತದೆ, ಸುದ್ದಿಯಾಗುತ್ತದೆ. ದಾಟಲಾಗದೆ ಹೋದವು ಕೊಳೆಯಲ್ಲಿ ಕೊಳೆಯಾಗಿ ಲೆಕ್ಕಕ್ಕೇ ಸಿಗುವುದಿಲ್ಲ. ಬದುಕಿದವನ್ನು ಮಾತ್ರ ಎಣಿಸಿ ಜಾಗ ಸುರಕ್ಷಿತವೆನ್ನುವುದು ಎಂಥ ತರ್ಕ? ಇನ್ನು ತೊಟ್ಟಿಯ ಹೊರಗೆ ಇಡುವ, ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನ ವಿಷಯದಲ್ಲಿ ಕರೆಂಟಿನ ಕಾಟವೂ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆಲವು ಗಂಟೆ ವಿದ್ಯುತ್ ಹೋದರೆ ಆ ಡಬ್ಬಿಯೊಳಗಿನ ಆಮ್ಲಜನಕವನ್ನು ಅಲ್ಲಿನ ಬ್ಯಾಕ್ಟೀರಿಯಾಗಳೇ ಮುಗಿಸಿಬಿಡುತ್ತವೆ, ಒಳಗಿದ್ದ ಮರಿ ಉಸಿರುಗಟ್ಟಿ ಸಾಯುತ್ತದೆ.

ಪರಿಹಾರಕ್ಕೆ ಹೆಚ್ಚಿನ ಖರ್ಚೂ ಇಲ್ಲ. ನೀರೆಳೆಯುವ ಬಾಯಿಗೆ ರಂಧ್ರವಿರುವ ಒಂದು ಸ್ಪಂಜಿನ ತುಂಡನ್ನು ತೊಡಿಸಿದರೆ ಮರಿ ಒಳಗೆ ಹೋಗುವ ಪ್ರಶ್ನೆಯೇ ಬಾರದು. ಅದು ಕಟ್ಟಿಕೊಳ್ಳದಂತೆ ಆಗಾಗ ಹಿಂಡಬೇಕು, ಅಷ್ಟೆ. ಮರಿ ಮಾಡಿಸುವ ಉದ್ದೇಶವಿರುವವರು ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರನ್ನೇ ಬಳಸುವುದು ಇನ್ನೂ ಒಳ್ಳೆಯದು, ಏಕೆಂದರೆ ಅದರಲ್ಲಿ ತಿರುಗುವ ರೆಕ್ಕೆಯೇ ಇಲ್ಲ, ಮರಿಗಳು ಸ್ಪಂಜಿನ ಮೈಮೇಲೆಯೇ ಮೇಯುತ್ತವೆ. ತಾಯಿಯ ಬಾಯಿಂದ ಕಾಪಾಡಲು ಜಾವಾ ಪಾಚಿಯಂಥ ದಟ್ಟ ಗಿಡಗಳು ಸಾಕು.

ಫಿಲ್ಟರನ್ನು ತೊಳೆಯುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬಹುತೇಕ ಮನೆಗಳಲ್ಲಿ ಸ್ಪಂಜನ್ನು ಬಚ್ಚಲಿನ ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಉಜ್ಜುತ್ತಾರೆ. ನಗರದ ನಲ್ಲಿ ನೀರಿನಲ್ಲಿರುವ ಕ್ಲೋರಿನ್, ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅವಿಲ್ಲದಿದ್ದರೆ ಅಮೋನಿಯಾ ನೀರಿನಲ್ಲಿ ಸೇರುತ್ತ ಹೋಗಿ ಮೀನಿಗೆ ವಿಷವಾಗುತ್ತದೆ. ಮಾರನೆಯ ದಿನ ಮೀನು ಸತ್ತರೆ ತೊಳೆದದ್ದು ಸಾಲದಾಯಿತೇನೋ ಎಂದು ಇನ್ನಷ್ಟು ತೊಳೆಯುತ್ತಾರೆ. ತೊಟ್ಟಿಯಿಂದಲೇ ತೆಗೆದ ನೀರನ್ನು ಬಿಳಿ ಬಕೆಟ್ಟಿನಲ್ಲಿಟ್ಟುಕೊಂಡು, ಫಿಲ್ಟರನ್ನು ಅದರೊಳಗೇ ಬಿಚ್ಚಿ, ಸ್ಪಂಜನ್ನು ಹಿಂಡುವ ಮೊದಲು ಮೆಲ್ಲಗೆ ಅಲುಗಿಸಿದರೆ ಬ್ಯಾಕ್ಟೀರಿಯಾಗಳೂ ಉಳಿಯುತ್ತವೆ, ಸಿಕ್ಕಿಕೊಂಡ ಮರಿಗಳೂ ಈಚೆ ಬರುತ್ತವೆ. ಕೆಸರು ತಳಕ್ಕಿಳಿಯುವವರೆಗೆ ಕಾದು ನೋಡಿ, ಆಮೇಲಷ್ಟೇ ಆ ನೀರನ್ನು ಗಿಡಗಳ ಬುಡಕ್ಕೆ ಸುರಿಯಬೇಕು, ಚರಂಡಿಗಲ್ಲ.

ಚರಂಡಿಗೆ ಬೇಡವೆನ್ನಲು ಮರಿಗಳ ಮೇಲಿನ ಕರುಣೆಯೊಂದೇ ಕಾರಣವಲ್ಲ. ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ಮೂಲದ ಗಪ್ಪಿ, ಕೊಳಕು ನೀರಿನಲ್ಲಿಯೂ ಬಾಳಬಲ್ಲ ಗಟ್ಟಿ ಮೀನು. ಎರಡು ಮೂರು ತಿಂಗಳಲ್ಲಿ ಅದು ಪ್ರಾಯಕ್ಕೆ ಬರುತ್ತದೆ, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಗಂಡಿನ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳಬಲ್ಲುದಾದ್ದರಿಂದ ಬಸಿರಾದ ಒಂದೇ ಹೆಣ್ಣಿನಿಂದ ಒಂದು ಕೆರೆಯಲ್ಲಿ ಸಂತತಿ ಬೇರೂರಬಹುದು. ಸೊಳ್ಳೆ ಮರಿಗಳನ್ನು ತಿನ್ನುವುದೆಂದು ಆರೋಗ್ಯ ಇಲಾಖೆಯವರೇ ಗಪ್ಪಿಯನ್ನೂ ಗ್ಯಾಂಬೂಸಿಯಾ ಎಂಬ ಇನ್ನೊಂದು ಸಣ್ಣ ಮೀನನ್ನೂ ನೀರಿಗೆ ಬಿಡುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಮಲೇರಿಯಾ ತಡೆಯಲು ಈ ಮೀನುಗಳನ್ನು ಬಿಟ್ಟದ್ದು ನಿಜ, ಆದರೆ ಬಾವಿ ನಾಲ್ಕು ಗೋಡೆಯೊಳಗಿನ ನೀರು. ರಾಜಕಾಲುವೆಯ ಮೂಲಕ ಕೆರೆಯಿಂದ ಕೆರೆಗೆ ಹರಿದುಹೋಗುವ ಮೀನನ್ನು ಮರಳಿ ಹಿಡಿಯಲು ಯಾರಿಂದಲೂ ಆಗದು. ಗ್ಯಾಂಬೂಸಿಯಾವಂತೂ ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಮರಿಗಳು ಹೆಚ್ಚಾದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ತೊಟ್ಟಿಗೆ ಹಾಕಬಹುದು, ಮೀನು ಸಾಕುವ ಬೇರೆಯವರಿಗೆ ಕೊಡಬಹುದು, ಮೀನಿನ ಅಂಗಡಿಯವರನ್ನೂ ಕೇಳಿ ನೋಡಬಹುದು. ಅಂಗಡಿಯವರಲ್ಲಿ ನನ್ನದೊಂದು ಕೋರಿಕೆಯೂ ಇದೆ: ಗಪ್ಪಿ ಜೋಡಿಯನ್ನೂ ಫಿಲ್ಟರನ್ನೂ ಒಟ್ಟಿಗೆ ಮಾರುವಾಗ, ಕೊಳವೆಯ ಬಾಯಿಗೆ ತೊಡಿಸುವ ಸ್ಪಂಜನ್ನೂ ಅದರ ಜೊತೆಗೇ ಕೊಟ್ಟು, ಮರಿಗಳು ಬರುವುದು ಖಂಡಿತವೆಂದು ಕೊಳ್ಳುವವರಿಗೆ ಆಗಲೇ ತಿಳಿಸಬೇಕು.

ಇತಿ ತಮ್ಮ ವಿಶ್ವಾಸಿ,
ಮೀನು ಸಾಕುವ ಹವ್ಯಾಸದ ಓದುಗ, ಮೈಸೂರು