ಟಿವಿ ಮುಂದೆ ಕೂತವರನ್ನೂ ನೋಡು

ಧಾರವಾಡ

ಚಿ. ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ಎಂ.ಎ. ಡಿಸರ್ಟೇಶನ್‌ಗೆ ಟಿವಿ ಮತ್ತು ಸಮಾಜ ಅಂತ ವಿಷಯ ತಗೊಂಡಿದ್ದೀಯಂತೆ. ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಬಹಳ ಖುಷಿಯಾಯಿತು. ಆದರೆ ಟಿವಿಯಿಂದ ಜನ ಕೆಟ್ಟರು ಅಂತ ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಪುರಾವೆ ಹುಡುಕಬೇಡ.

ಜೆನ್ಸನ್ ಮತ್ತು ಓಸ್ಟರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಹಳ್ಳಿಗಳಿಗೆ ಕೇಬಲ್ ಬಂದ ಮೇಲೆ ಏನಾಯಿತು ಅಂತ ನೋಡಿ 2009ರಲ್ಲಿ ಪ್ರಕಟಿಸಿದರು. ಹೆಂಡತಿಗೆ ಹೊಡೆಯುವುದು ತಪ್ಪಲ್ಲ ಅನ್ನುವ ಹೆಂಗಸರು ಕಡಿಮೆಯಾಗಿದ್ದರು. ಗಂಡುಮಗುನೇ ಬೇಕು ಅನ್ನುವ ಹಟವೂ ಇಳಿದಿತ್ತು. ನಾವೆಲ್ಲ ಬೈಯುವ ಅತ್ತೆ-ಸೊಸೆ ಧಾರಾವಾಹಿಗಳ ಕಾಲ ಅದು! ಇನ್ನೊಂದು ಕಡೆ, ಟಿವಿ ಜಾಸ್ತಿ ನೋಡುವವರಿಗೆ ಲೋಕ ಇರುವುದಕ್ಕಿಂತ ಹೆಚ್ಚು ಅಪಾಯದ್ದಾಗಿ ಕಾಣುತ್ತದೆ ಅಂತ ಅಮೆರಿಕದ ಜಾರ್ಜ್ ಗರ್ಬ್ನರ್ ವಾದಿಸಿದ್ದರು. ಎರಡನ್ನೂ ಓದು.

ಓದಿದ ಮೇಲೆ ಮನೆಗಳಿಗೆ ಹೋಗು. ನಿಮ್ಮ ಮನೆಯಿಂದಲೇ ಶುರು ಮಾಡು. ಸಂಜೆ ನಿಮ್ಮವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಧಾರಾವಾಹಿಯನ್ನು ಬರೀ ಕಿವಿಯಲ್ಲಿ ಕೇಳುತ್ತಾಳೆ. ಬಡಿಯುವ ಸಪ್ಪಳ ನಿಂತಿತು ಅಂದರೆ ಕಥೆಯಲ್ಲಿ ಏನೋ ಆಗಿದೆ ಅಂತಲೇ ಲೆಕ್ಕ. ರಿಮೋಟ್ ಮಾತ್ರ ನಿಮ್ಮಜ್ಜನ ತೊಡೆಯ ಮೇಲೆ. ಏಳಾಯಿತೋ ಇಲ್ಲವೋ, ವಾರ್ತೆ. ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಟಿಆರ್‌ಪಿ ಮೀಟರು ಹೇಳುತ್ತದೆ, ಅದೂ ಆಯ್ದ ಕೆಲವೇ ಮನೆಗಳಲ್ಲಿ. ಅವ್ವನ ಕೈ ಯಾಕೆ ನಿಂತಿತು ಅಂತ ನೀನೇ ಕೇಳಬೇಕು.

ಇನ್ನೊಂದು ಮಾತು. ಕೆಲವು ವಾರ ಧಾರಾವಾಹಿ ನೋಡಿ, ನಮ್ಮ ಕಡೆಯ ಕನ್ನಡ ಮಾತಾಡುವ ಪಾತ್ರಗಳನ್ನು ಬರೆದುಕೋ. ಅವರ ಕೆಲಸ ಏನು, ಅವರ ಮಾತಿಗೆ ಯಾರು ನಗುತ್ತಾರೆ, ಕಥೆ ಅವರ ಕೈಯಲ್ಲಿ ಎಂದಾದರೂ ತಿರುಗುತ್ತದಾ? ನಾನು ನೋಡಿದಷ್ಟರಲ್ಲಿ ಅವರು ಬರುವುದು ನಗಿಸುವುದಕ್ಕೆ, ಇಲ್ಲಾ ಬೈಸಿಕೊಳ್ಳುವುದಕ್ಕೆ. ನನಗೆ ಇದು ಹೊಟ್ಟೆ ಉರಿಸುತ್ತದೆ. ಹುಬ್ಬಳ್ಳಿಯ ಒಂದು ಹುಡುಗಿ ದಿನಾ ಇದನ್ನೇ ನೋಡಿದರೆ ಕಾಲೇಜಿನಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾಳಾ? ನಿನ್ನ ಗೆಳತಿಯರನ್ನೇ ಕೇಳು. ಅವರು ಏನು ಹೇಳಿದರೂ ಅದನ್ನೇ ಬರೆ, ನನ್ನ ಸಿಟ್ಟನ್ನು ಬರೆಯಬೇಡ.

ಹಳೆಯದನ್ನೂ ಬಿಡಬೇಡ. 1975ರ ಆಗಸ್ಟ್‌ನಿಂದ ಒಂದು ವರ್ಷ 'ಸೈಟ್' ಅಂತ ಒಂದು ಪ್ರಯೋಗ ನಡೆಯಿತು. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಕಡೆಯ ಹಳ್ಳಿಗಳು. ಊರಿಗೊಂದೇ ಸೆಟ್, ಒಕ್ಕಲುತನ, ಆರೋಗ್ಯದ ಕಾರ್ಯಕ್ರಮ. ಆಗ ಚಿಕ್ಕ ಹುಡುಗರಾಗಿದ್ದವರಿಗೆ ಈಗ ಅರವತ್ತರ ಆಸುಪಾಸು. ಯಾರು ಮುಂದೆ ಕೂತಿದ್ದರು, ಯಾರು ದೂರ ನಿಂತು ನೋಡಿದರು, ಹೆಂಗಸರು ಬರುತ್ತಿದ್ದರಾ ಅಂತ ಈಗಲೇ ಕೇಳಿ ಬರೆದುಕೋ. ತಡ ಮಾಡಿದರೆ ಹೇಳುವವರು ಇರುವುದಿಲ್ಲ.

ವಿಜಾಪುರಕ್ಕೆ ಹೋಗುವ ದಿನ ಗೊತ್ತಾದರೆ ತಿಳಿಸು. ನಾನೂ ಬರುತ್ತೇನೆ.

ನಿನ್ನ ಮಾಮಾ