ಬೆಲ್ಟಿನ ಬಣ್ಣ ಬದಲಾಗದ ತಿಂಗಳುಗಳಲ್ಲಿ

ಪ್ರೀತಿಯ ಗೆಳೆಯ,

ಹಸಿರು ಬೆಲ್ಟ್ ಸಿಕ್ಕಿದ ಮೇಲೆ ಕರಾಟೆ ಕ್ಲಾಸಿಗೆ ಹೋಗುವ ಹುಮ್ಮಸ್ಸೇ ಬತ್ತಿಹೋಗಿದೆ ಎಂದು ಬರೆದಿದ್ದೀಯ. ಅದನ್ನು ಸೋಮಾರಿತನ ಅಂದುಕೊಳ್ಳಬೇಡ. ಮೊದಲ ಬೆಲ್ಟುಗಳು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೊಂದರಂತೆ ಬರುತ್ತವೆ, ಆಮೇಲೆ ಕಾಯುವ ಕಾಲ ಹಿಗ್ಗುತ್ತಾ ಹೋಗುತ್ತದೆ. ಕಲಿಕೆಯ ರೀತಿಯೂ ಬೇರೆಯಾಗುತ್ತದೆ. ಮೊದಲೆಲ್ಲ ವಾರಕ್ಕೊಂದು ಹೊಸ ಒದೆತ, ಹೊಸ ತಡೆ. ಈಗ ಹಳೆಯ ಒದೆತದಲ್ಲೇ ಸೊಂಟ ತಡವಾಗಿ ತಿರುಗುತ್ತಿದೆ ಎಂಬ ತಿದ್ದುಪಡಿ. ಮುಂದೆ ಸಾಗುತ್ತಿದ್ದರೂ ನಿಂತಲ್ಲೇ ನಿಂತಂತೆ ಅನ್ನಿಸುವುದು ಇದರಿಂದಲೇ.

ಹಾಗಾಗಿ ಮುಂದಿನ ಬೆಲ್ಟನ್ನು ಗುರಿ ಮಾಡಿಕೊಳ್ಳಬೇಡ. ಗ್ರೇಡಿಂಗ್, ಅಂದರೆ ಬೆಲ್ಟಿನ ಪರೀಕ್ಷೆ, ಯಾವತ್ತು ಎನ್ನುವುದು ನಿನ್ನ ಕೈಯಲ್ಲಿಲ್ಲ. ಕಪ್ಪು ಬೆಲ್ಟ್ ಕೂಡ ಕೊನೆಯಲ್ಲ. 1882ರಲ್ಲಿ ಜೂಡೋ ಶಾಲೆ ತೆರೆದ ಜಿಗೊರೊ ಕಾನೊ ಮರುವರ್ಷ ದಾನ್ ಎಂಬ ಮೇಲ್ಮಟ್ಟದ ಶ್ರೇಣಿಗಳನ್ನು ಶುರುಮಾಡಿದರು. ಕರಾಟೆಗೆ ಅವು ಬಂದದ್ದು ಅಲ್ಲಿಂದ. ಕಪ್ಪು ಬೆಲ್ಟಿನ ಮೊದಲ ಶ್ರೇಣಿ 'ಶೋದಾನ್', ಅಂದರೆ ಆರಂಭದ ಮೆಟ್ಟಿಲು.

ಆರು ವಾರಕ್ಕೆ ಒಂದೇ ಒಂದು ಕೆಲಸ ಆರಿಸಿಕೋ. ನಿನಗೆ ಮವಾಶಿ ಗೇರಿ (ಪಕ್ಕದಿಂದ ಸುತ್ತಿ ಬರುವ ಒದೆತ) ಒದ್ದಾಗ ಮಂಡಿ ನೋಯುತ್ತದೆ ಎಂದಿದ್ದೆಯಲ್ಲ, ಅದನ್ನೇ ಹಿಡಿ. ಹೆಚ್ಚಿನವರ ತಪ್ಪು ಒದೆಯುವ ಕಾಲಿನಲ್ಲಿರುವುದಿಲ್ಲ, ಊರಿದ ಕಾಲಿನಲ್ಲಿರುತ್ತದೆ. ಪಾದ ನೆಲಕ್ಕೆ ಅಂಟಿಕೊಂಡೇ ಇದ್ದು ಸೊಂಟ ಮಾತ್ರ ತಿರುಗಿದರೆ ನಡುವೆ ಸಿಕ್ಕ ಮಂಡಿ ತಿರುಚಿಕೊಳ್ಳುತ್ತದೆ. ಗೋಡೆ ಹಿಡಿದು ನಾಲ್ಕು ಎಣಿಕೆಯಲ್ಲಿ ನಿಧಾನವಾಗಿ ಮಾಡು: ಒಂದಕ್ಕೆ ಮಂಡಿ ಎತ್ತು, ಎರಡಕ್ಕೆ ಊರಿದ ಕಾಲಿನ ಹಿಮ್ಮಡಿ ಗುರಿಯತ್ತ ಬರುವಂತೆ ಪಾದ ತಿರುಗಿಸು, ಮೂರಕ್ಕೆ ಕಾಲು ಚಾಚು, ನಾಲ್ಕಕ್ಕೆ ಮಡಚಿ ತಂದು ಆಮೇಲೆ ಇಳಿಸು. ಪ್ರತಿ ಕಾಲಿಗೆ ಹತ್ತು ಸಲ, ಸೊಂಟದೆತ್ತರ ಸಾಕು. ಎರಡು ವಾರದ ಮೇಲೆ ಗೋಡೆ ಬಿಡು, ಕೊನೆಯ ಎರಡು ವಾರದಲ್ಲಷ್ಟೇ ವೇಗ. ಎತ್ತರದ ಆಸೆಗೆ ಬಿದ್ದೆಯೋ, ಪಾದ ತಿರುಗಿಸುವುದು ಮತ್ತೆ ಮರೆತುಹೋಗುತ್ತದೆ. ನೋವು ಮಂಡಿಯ ಒಂದೇ ಜಾಗದಲ್ಲಿ ಚುಚ್ಚುವಂತಿದ್ದರೆ ಮಾತ್ರ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸು. ಎರಡು ಮೂರು ದಿನದಲ್ಲಿ ಇಳಿಯುವ ಮೈಕೈ ನೋವು ಬೇರೆ, ಇದು ಬೇರೆ.

ದಣಿದು ಬಂದು ಕ್ಲಾಸ್ ತಪ್ಪಿಸಿದ ದಿನಕ್ಕೂ ಒಂದು ಕನಿಷ್ಠ ಇರಲಿ: ಹೇಯಾನ್ ಶೋದಾನ್ ಎಂಬ ಆರಂಭದ ಕಟಾ (ಒಬ್ಬರೇ ಮಾಡುವ, ಕ್ರಮ ಬದಲಾಗದ ಚಲನೆಗಳ ಸರಣಿ) ಒಂದು ಸಲ. ಇಪ್ಪತ್ತೊಂದು ಚಲನೆ, ಒಂದು ನಿಮಿಷದ ಕೆಲಸ. ಶುರುಮಾಡುವ ಮೊದಲು ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕು. ಆ ಕಟಾ ಶುರುವಾದಲ್ಲೇ ಮುಗಿಯಬೇಕು. ಮುಂದೆ ಹೋಗುವಾಗ ಮೂರು ಮೇಲ್ತಡೆ, ಹಿಂದಿರುಗುವಾಗ ಮೂರು ಪಂಚ್. ಎರಡೂ ಕಡೆ ಹೆಜ್ಜೆಯ ಉದ್ದ ಒಂದೇ ಇರಬೇಕು. ಪಂಚ್‌ನ ರಭಸಕ್ಕೆ ಹೆಜ್ಜೆ ಉದ್ದವಾದರೆ ಗುರುತು ದಾಟಿ ನಿಲ್ಲುತ್ತೀಯ. ಯಾರೂ ನೋಡದಿದ್ದರೂ ನೆಲದ ಗುರುತು ಸುಳ್ಳು ಹೇಳುವುದಿಲ್ಲ ನೋಡು, ಅದಕ್ಕೇ ಈ ಅಭ್ಯಾಸ ನನಗೆ ಇಷ್ಟ.

ಕ್ಲಾಸ್ ಮುಗಿದ ಕೂಡಲೇ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆ. ಹೇಗನ್ನಿಸಿತು ಎಂದಲ್ಲ, ಮಾಸ್ಟರ್ ಏನು ತಿದ್ದಿದರು ಎಂದು. ಒಂದೇ ತಿದ್ದುಪಡಿ ಮೂರು ಸಲ ಬಂದರೆ ಮುಂದಿನ ಆರು ವಾರದ ಕೆಲಸ ಅದೇ.

ಎರಡು ವಾರ ಬಿಟ್ಟು ಹೋದರೆ ಮೊದಲ ದಿನವೇ ಹಳೆಯ ಲೆಕ್ಕ ತೀರಿಸಲು ಹೊರಡಬೇಡ. ಎಣಿಕೆ ಅರ್ಧಕ್ಕಿಳಿಸು, ಕುಮಿಟೆ (ಎದುರಾಳಿಯ ಜೊತೆಗಿನ ಸೆಣಸಾಟ) ಆ ವಾರಕ್ಕೆ ಬೇಡ. ಬಿಟ್ಟದ್ದನ್ನೆಲ್ಲ ಒಂದೇ ದಿನ ತುಂಬಿಸಲು ಹೋದರೆ ಸ್ನಾಯು ಎಳೆದುಕೊಂಡು ಇನ್ನೆರಡು ವಾರ ಮನೆಯಲ್ಲೇ ಕೂರಬೇಕಾಗುತ್ತದೆ.

ಇವತ್ತೇ ಫೋನನ್ನು ಸೊಂಟದೆತ್ತರದಲ್ಲಿಟ್ಟು ಪಕ್ಕದಿಂದ ನಿನ್ನ ಐದು ಒದೆತ ರೆಕಾರ್ಡ್ ಮಾಡು. ನೋಡಿ ಬೇಸರವಾದರೂ ಅಳಿಸಬೇಡ. ಆರು ವಾರದ ಮೇಲೆ ಅದೇ ಜಾಗದಿಂದ ಇನ್ನೊಮ್ಮೆ ತೆಗೆದು ಎರಡನ್ನೂ ನನಗೆ ಕಳಿಸು, ಹಿಮ್ಮಡಿ ಎತ್ತ ತಿರುಗಿದೆ ಎಂದು ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ