ಹಣ್ಣಿನ ಸಿಪ್ಪೆಯ ದ್ರಾವಣ ಮತ್ತು ನಮ್ಮ ಫರಸಿ ನೆಲ

ಮಾನ್ಯ ಸಂಪಾದಕರೇ,

ನೆಲ, ಪಾತ್ರೆ, ಬಚ್ಚಲು ತೊಳೆಯುವ ದ್ರಾವಣಗಳನ್ನು ಮನೆಯಲ್ಲೇ ತಯಾರಿಸಿಕೊಳ್ಳುವ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಅದರ ಆಶಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಲವು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳಾಗಿ, ಅದಕ್ಕಿಂತ ಹೆಚ್ಚಾಗಿ ಇಂಥದೇ ದ್ರಾವಣವನ್ನು ನಂಬಿ ಮನೆಯ ನೆಲ ಕೆಡಿಸಿಕೊಂಡವಳಾಗಿ, ಅದರಲ್ಲಿ ಬಿಟ್ಟುಹೋದ ಒಂದು ಮಾತನ್ನು ಸೇರಿಸಬಯಸುತ್ತೇನೆ. ಯಾವುದು ಹುಳಿ, ಯಾವುದು ಕ್ಷಾರ, ಯಾವುದು ಬರೀ ನೊರೆ ಎಂದು ಹೇಳದೆ ಅಳತೆಗಳನ್ನಷ್ಟೇ ಕೊಟ್ಟರೆ ಓದುಗರಿಗೆ ಉಪಕಾರಕ್ಕಿಂತ ನಷ್ಟವೇ ಹೆಚ್ಚಾದೀತು.

ಈಗ ಎಲ್ಲೆಡೆ ಪ್ರಚಾರದಲ್ಲಿರುವ ಬಯೋ ಎಂಜೈಮ್ ಅನ್ನೇ ನೋಡೋಣ. ಒಂದು ಭಾಗ ಬೆಲ್ಲ, ಮೂರು ಭಾಗ ನಿಂಬೆ ಅಥವಾ ಮೂಸಂಬಿಯ ಸಿಪ್ಪೆ, ಹತ್ತು ಭಾಗ ನೀರು ಸೇರಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು ಮುಚ್ಚಿಡುವುದು, ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಒಳಗಿನ ಅನಿಲ ಬಿಡುವುದು, ಇಷ್ಟೇ ಅದರ ವಿಧಾನ. ಗಾಜಿನ ಬಾಟಲಿ ಬೇಡವೆನ್ನುವುದು ಈ ಅನಿಲದ ಒತ್ತಡಕ್ಕೆ ಅದು ಒಡೆದೀತೆಂದು. ಹೆಸರು ಎಂಜೈಮ್ ಎಂದಿದ್ದರೂ ಒಳಗೆ ನಡೆಯುವುದು ಹುದುಗುವಿಕೆ. ಬೆಲ್ಲದ ಸಕ್ಕರೆ ಮೊದಲು ಮದ್ಯಸಾರವಾಗಿ, ಆಮೇಲೆ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವೇ ಆಗಿ ಮಾರ್ಪಡುತ್ತದೆ. ಗಡಸು ನೀರಿನಿಂದ ನಲ್ಲಿ, ಬಕೆಟ್‌ಗಳ ಮೇಲೆ ಕಟ್ಟುವ ಬಿಳಿ ಪದರವನ್ನು ಅದು ಬಿಡಿಸುವುದು ಈ ಹುಳಿಯಿಂದಲೇ, ಏಕೆಂದರೆ ಆ ಪದರದ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಹುಳಿಗೆ ಕರಗುವ ಸುಣ್ಣದ ವಸ್ತು.

ತೊಡಕು ಇರುವುದೂ ಇಲ್ಲಿಯೇ. ಕಲಬುರಗಿ ಸೀಮೆಯ ಹಳೆಯ ಮನೆಗಳಿಗೆಲ್ಲ ಹಾಸಿರುವ ಶಹಾಬಾದ್ ಕಲ್ಲು, ಅಂದರೆ ನಮ್ಮ ಫರಸಿ, ಸುಣ್ಣದ ಕಲ್ಲು. ನಲ್ಲಿಯ ಮೇಲಿನ ಆ ಬಿಳಿ ಪದರವೂ ನಮ್ಮ ಕಾಲಡಿಯ ಫರಸಿಯೂ ರಸಾಯನದ ಲೆಕ್ಕದಲ್ಲಿ ಒಂದೇ ಮನೆತನ. ನಾನು ಪಾಠ ಹೇಳುವಾಗ ಇದನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೆನೋ, ಮನೆಗೆಲಸದ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ. ಒಂದು ರಾತ್ರಿ ದೇವರ ಕೋಣೆಯ ನೆಲವನ್ನು ನೀರು ಬೆರೆಸದ ದ್ರಾವಣದಿಂದ ಒರೆಸಿ, ಹಸಿ ಬಟ್ಟೆಯನ್ನು ಮೂಲೆಯಲ್ಲೇ ಮರೆತು ಮಲಗಿದೆ. ಬೆಳಿಗ್ಗೆ ಬಟ್ಟೆ ಎತ್ತಿದರೆ ಅದರ ಒಂದೊಂದು ಮಡಿಕೆಯೂ ಅಚ್ಚೊತ್ತಿದಂತೆ ಕಲ್ಲಿನ ಮೇಲೆ ಮಾಸಲು ಬಿಳಿಯ ಗುರುತು. ಬೆರಳಾಡಿಸಿದರೆ ಅಷ್ಟು ವರ್ಷದ ಓಡಾಟದಿಂದ ಬಂದಿದ್ದ ನುಣುಪು ಹೋಗಿ, ಸುಣ್ಣ ಬಳಿದ ಗೋಡೆಯಂತೆ ತರಿತರಿ. ಎಣ್ಣೆ ಸವರಿ ಉಜ್ಜಿದರೂ ಅದು ಹೋಗಿಲ್ಲ, ಏಕೆಂದರೆ ಅದು ಕಲೆಯಲ್ಲ, ಕಲ್ಲೇ ಸವೆದ ಗುರುತು. ಅಮೃತಶಿಲೆ ಮತ್ತು ಕಡಪಾ ಕಲ್ಲಿನ ಗತಿಯೂ ಇದೇ. ಗ್ರಾನೈಟ್ ಹಾಗೂ ವಿಟ್ರಿಫೈಡ್ ಟೈಲ್ಸ್ ಹಾಸಿದವರಿಗೆ ಇಷ್ಟು ಆತಂಕ ಬೇಡ. ತಮ್ಮದು ಯಾವ ಕಲ್ಲೆಂದು ಅನುಮಾನವಿದ್ದವರು ಕಪಾಟಿನ ಹಿಂದಿನ ಮೂಲೆಯಲ್ಲಿ ಒಂದೇ ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷದ ನಂತರ ಒರೆಸಿ ನೋಡಲಿ. ಹೊಳಪು ಕುಂದಿದ್ದರೆ ಆ ನೆಲಕ್ಕೆ ಹುಳಿ ಸಲ್ಲದು.

ಹಿತ್ತಾಳೆ ಬಿಂದಿಗೆಗೆ ಹುಣಸೆಹಣ್ಣು, ಜಿಡ್ಡಿನ ಬಾಣಲೆಗೆ ಕಟ್ಟಿಗೆಯ ಬೂದಿ, ರೇಷ್ಮೆ ಸೀರೆಗೆ ಅಂಟುವಾಳ ಎಂದು ನಮ್ಮ ಮನೆಗಳಲ್ಲಿ ಇದ್ದ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಪ್ಪನ್ನು ಕರಗಿಸುತ್ತದೆ, ಬೂದಿಯ ಕ್ಷಾರ ಎಣ್ಣೆಯ ಜಿಡ್ಡನ್ನು ಸಾಬೂನಿನಂತೆ ಮಾಡಿ ನೀರಿಗೆ ಬಿಡಿಸುತ್ತದೆ, ಅಂಟುವಾಳದಲ್ಲಿರುವ ಸಪೋನಿನ್ ಎಂಬ ನೊರೆಯ ಅಂಶ ಕ್ಷಾರವಿಲ್ಲದೆಯೇ ಕೊಳೆ ಎತ್ತುವುದರಿಂದ ಕ್ಷಾರ ತಾಳದ ರೇಷ್ಮೆಗೆ ಅದು ಹಿತ. ಅದಲುಬದಲಾದರೆ ಮಾತ್ರ ಕೆಲಸ ಕೆಡುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಬೂದಿಯನ್ನೋ ತೊಳೆಯುವ ಸೋಡವನ್ನೋ ಹಚ್ಚಿ ಇಟ್ಟು ಕಪ್ಪಾಗಿಸಿಕೊಂಡವರು ನನ್ನ ಬಳಗದಲ್ಲೇ ಇಬ್ಬರಿದ್ದಾರೆ.

ನನ್ನ ಅನುಭವದಲ್ಲಿ ಮೊದಲ ಸಲ ಮಾಡುವವರಿಗೆ ಅಂಟುವಾಳವೇ ಸುಲಭ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕೈಯಿಂದ ಕಿವುಚಿ ಸೋಸಿದರೆ ಸಾಕು. ನೆಲಕ್ಕೂ ಬಟ್ಟೆಗೂ ಬೆಳ್ಳಿ ಬಂಗಾರಕ್ಕೂ ಆಗುತ್ತದೆ. ಫ್ರಿಜ್‌ನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಹಳಸುವುದರಿಂದ ಹೆಚ್ಚು ಮಾಡಿಡಬಾರದು, ಕಣ್ಣಿಗೆ ಸಿಡಿದರೆ ಚೆನ್ನಾಗಿ ಉರಿಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. 2015ರಿಂದೀಚೆಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಕಂಡವರು ಡಿಟರ್ಜೆಂಟ್ ಬಿಟ್ಟು ಇತ್ತ ತಿರುಗಿದ್ದರೆ ಅದು ಸರಿಯಾದ ಹೆಜ್ಜೆಯೇ. ಆದರೆ ಅಂಟುವಾಳದ ಸಪೋನಿನ್ ಮೀನುಗಳಿಗೆ ವಿಷ. ಅದು ಮಣ್ಣಿನಲ್ಲಿ ಬೇಗ ಕೊಳೆತು ಹೋಗುತ್ತದಾದರೂ ಬಕೆಟ್ಟಿನಲ್ಲಿ ಮಿಕ್ಕದ್ದನ್ನು ಕೊಳಕ್ಕೆ ಚೆಲ್ಲದೆ ಗಿಡದ ಬುಡದಿಂದ ದೂರದ ಮಣ್ಣಿಗೆ ಚೆಲ್ಲುವುದು ಒಳ್ಳೆಯದು.

ಅಡುಗೆ ಸೋಡ ಮತ್ತು ವಿನೆಗರ್ ಬೆರೆಸಿ ಬಾಟಲಿಯಲ್ಲಿ ತುಂಬಿಡಿ ಎಂಬ ಸಲಹೆ ಅಂತರ್ಜಾಲದ ವಿಡಿಯೊಗಳಲ್ಲಿ ಹೇರಳವಾಗಿದೆ. ಬುಸ್ಸೆಂದು ಉಕ್ಕುವುದನ್ನು ನೋಡಿದರೆ ಏನೋ ಘನಕಾರ್ಯ ನಡೆದಂತೆ ತೋರುತ್ತದೆ. ನಿಜವಾಗಿ ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದು ಮುಗಿದು, ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು ಮಾತ್ರ. ಅದರಿಂದ ದುಡ್ಡು ದಂಡ, ಅಷ್ಟೇ. ಪ್ರಾಣಕ್ಕೇ ಅಪಾಯವಿರುವುದು ಬ್ಲೀಚಿಂಗ್ ಪೌಡರ್ ಚೆಲ್ಲಿದ ಬಚ್ಚಲಿಗೆ ವಿನೆಗರ್, ನಿಂಬೆರಸ, ಬಯೋ ಎಂಜೈಮ್ ಅಥವಾ ಅಂಗಡಿಯ ಆಸಿಡ್ ಸುರಿಯುವುದರಲ್ಲಿ. ಆಗ ಏಳುವುದು ಕ್ಲೋರಿನ್ ಅನಿಲ. ಬಾಗಿಲು ಮುಚ್ಚಿದ ಚಿಕ್ಕ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಹಾಗೆಂದು ಬ್ಲೀಚಿಂಗ್ ಪೌಡರನ್ನು ಮನೆಯಿಂದ ಹೊರಹಾಕಬೇಕೆಂದು ನಾನು ಹೇಳಲಾರೆ. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿಯಾದಾಗ ಶೌಚಾಲಯಕ್ಕೆ ಅದೇ ಬೇಕು, ಸಿಪ್ಪೆಯ ನೀರು ಆ ಕೆಲಸಕ್ಕೆ ಸಾಲದು.

ಆದ್ದರಿಂದ ಇಂಥ ಪಾಕಗಳನ್ನು ಪ್ರಕಟಿಸುವಾಗ ಪ್ರತಿಯೊಂದರ ಕೆಳಗೆ ಅದು ಹುಳಿಯೋ ಕ್ಷಾರವೋ, ಯಾವ ನೆಲಕ್ಕೆ, ಯಾವ ಪಾತ್ರೆಗೆ ಕೂಡದು, ಯಾವುದರೊಂದಿಗೆ ಬೆರೆಸಬಾರದು ಎಂಬ ಎರಡು ಸಾಲುಗಳನ್ನು ಕಡ್ಡಾಯವಾಗಿ ಸೇರಿಸಬೇಕೆಂದೂ, ಬ್ಲೀಚಿಂಗ್ ಪೌಡರ್ ಕುರಿತ ಎಚ್ಚರಿಕೆಯನ್ನಂತೂ ಮುಂದಿನ ಪುರವಣಿಯಲ್ಲೇ ಎದ್ದು ಕಾಣುವಂತೆ ಅಚ್ಚು ಮಾಡಬೇಕೆಂದೂ ತಮ್ಮಲ್ಲಿ ಕೋರುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಕಲಬುರಗಿ